ಅಂಗಳದ ತುದಿಯಲ್ಲಿ ವೈರಸ್ಸು

ಶಿರಸಿ ಕಡೆಯ ನಮ್ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಅಂಗಳದ ತುದಿಯಲ್ಲಿ, ತುಳಸಿಕಟ್ಟೆಯಿಂದ ಮೂರು ಹೆಜ್ಜೆ ಆಚೆ. ಮಳೆಗಾಲದಲ್ಲಿ ಅಲ್ಲಿಗೆ ಹೋಗಬೇಕೆಂದರೆ ಅಡಿಕೆ ದಬ್ಬೆ ಮೇಲೆ ಸರ್ಕಸ್ ಮಾಡಬೇಕು. ನಾಲ್ಕು ದಿನ ರಜೆ ಹಾಕಿ ಬಂದಿದ್ದ ನಾನು ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನು ಹಿಡಿದು ಅಲ್ಲೇ ನಿಂತು ಕೂಗುತ್ತಿದ್ದೆ. "ವೈರಸ್ ಎಲ್ಲಿಟ್ಟೆ ಮಾರಾಯಾ?"

ಎರಡು ತಿಂಗಳು ಕಾದ ಪಾರ್ಸೆಲ್ಲು ಬೆಂಗಳೂರಿನ ಲ್ಯಾಬಿಗೆ ಅವತ್ತೇ ಬರಬೇಕಾ? ಥರ್ಮಾಕೋಲ್ ಪೆಟ್ಟಿಗೆ, ಅದರ ತುಂಬ ಡ್ರೈ ಐಸು, ನಡುವೆ ಬೆರಳುದ್ದದ ಎರಡು ಟ್ಯೂಬು. ಒಳಗೆ ಲೆಂಟಿವೈರಸ್, ಕೋಶಗಳೊಳಗೆ ಜೀನು ಸಾಗಿಸುವ ನಮ್ಮ ವಾಹನ. ಬಂದ ಕೂಡಲೇ ಮೈನಸ್ 80 ಡಿಗ್ರಿ ಫ್ರೀಜರಿಗೆ ಹೋಗಬೇಕು.

"ಫ್ರಿಜ್ಜಲ್ಲೇ ಇಟ್ಟಿದೀನಿ ಅಕ್ಕಾ" ಅಂದ ಹೊಸ ಹುಡುಗ. ಯಾವ ಫ್ರಿಜ್ಜು? 4 ಡಿಗ್ರಿಯದು. ಬೆಳಿಗ್ಗೆಯಿಂದ.

ಕರಗಿದ್ದನ್ನು ಮತ್ತೆ ಗಟ್ಟಿ ಮಾಡಿದರೆ ಅದರ ಕಸುವು ಇನ್ನೂ ಇಳಿಯುತ್ತದೆ. "ಫ್ರೀಜ್ ಮಾಡ್ಬೇಡ! ಇವತ್ತೇ ಕೋಶಗಳಿಗೆ ಹಾಕು! ವೈರಸ್ಸು ಅಂಟೋಕೆ ಪಾಲಿಬ್ರೀನು ಮಿಲಿಲೀಟರಿಗೆ 8 ಮೈಕ್ರೋಗ್ರಾಂ!" ಎಂದು ಮಳೆಗಿಂತ ಜೋರಾಗಿ ಕೂಗಿ ತಿರುಗಿದೆ. ಜಗುಲಿಯಲ್ಲಿ ಆಯಿ. ಪಕ್ಕದಲ್ಲಿ, ಒಯ್ದಿದ್ದ ಉರುಳಿ ವಾಪಸ್ ಕೊಡಲು ಬಂದಿದ್ದ ಆಚೆಮನೆ ಅತ್ತೆ.

"ಎಂತಾ ವೈರಸ್ಸೇ ಕೂಸೇ ಅದು?"

ಸುಳ್ಳು ಹೇಳಿದ್ದರೆ ಆಗುತ್ತಿತ್ತು. "ಎಚ್‌ಐವಿ ಜಾತಿದು. ಆದ್ರೆ ಮರಿ ಹಾಕ್ತಿಲ್ಲೆ" ಅಂದೆ.

ಅತ್ತೆ ಒಂದು ಕಂಬ ಆಚೆ ಸರಿದು ಕೂತರು.

ಎಚ್‌ಐವಿಯ ರೋಗ ತರುವ ಜೀನುಗಳನ್ನೆಲ್ಲ ತೆಗೆದು, ಒಳಹೊಗುವ ಜಾಣತನ ಮಾತ್ರ ಉಳಿಸಿರುತ್ತಾರೆ, ಖಾಲಿಯಾದ ಜಾಗದಲ್ಲಿ ನಮಗೆ ಬೇಕಾದ, ಮನುಷ್ಯರದ್ದೇ ಒಂದು ಜೀನು, ಅದನ್ನು ಕೋಶದ ಡಿಎನ್‌ಎಗೆ ಹೊಲಿದು ಬಿಟ್ಟರೆ ಅದರ ಕೆಲಸ ಮುಗೀತು ಅಂತೆಲ್ಲ ಹೇಳಿದೆ. ಅತ್ತೆಯ ಮುಖ ಸಡಿಲಾಗಲಿಲ್ಲ. ಕೊನೆಗೆ ಉರುಳಿಯೇ ಕೈಹಿಡಿಯಿತು. ಅದರ ಅಂಚಿನಲ್ಲಿ ಅಜ್ಜನ ಹೆಸರಿನ ಮೂರಕ್ಷರ ಕೊರೆದಿದೆ. ಮದುವೆಮನೆಯ ಇಪ್ಪತ್ತು ಉರುಳಿಗಳ ನಡುವೆ ನಮ್ಮದು ಯಾವುದು ಅಂತ ಗೊತ್ತಾಗಬೇಕಲ್ವಾ? ಕೋಶದೊಳಗೂ ಸಾವಿರಾರು ಪ್ರೋಟೀನು. ನಮ್ಮ ಜೀನಿನಿಂದ ಆಗುವ ಪ್ರೋಟೀನಿನ ಬಾಲಕ್ಕೆ ಜೆಲ್ಲಿಮೀನಿನ ಹಸಿರು ಪ್ರೋಟೀನು ಅಂಟಿಸಿರುತ್ತೇವೆ. ನೀಲಿ ಬೆಳಕು ಬಿಟ್ಟರೆ ಹೊಳೆಯುತ್ತದೆ. 2008ರ ರಸಾಯನಶಾಸ್ತ್ರದ ನೊಬೆಲ್ ಬಂದದ್ದು ಈ ಹಸಿರು ಪ್ರೋಟೀನಿಗೇ.

"ಹಾಂಗಾರೆ ಪಾತ್ರೆಗೆ ಹೆಸರು ಹಾಕ್ಸಿದಾಂಗೆ" ಅಂದರು ಅತ್ತೆ. ನನ್ನ ಗೈಡಿಗೂ ಇಷ್ಟು ಚೆನ್ನಾಗಿ ಹೇಳಲು ಬರುವುದಿಲ್ಲ. ಆದರೂ ಕಷಾಯ ಕುಡಿಯದೆ ಹೊರಟರು.

ಮೂರನೇ ದಿನ ಅದೇ ತುಳಸಿಕಟ್ಟೆ ಹತ್ತಿರ ಹುಡುಗನ ಫೋಟೋ ಬಂತು. ಕಪ್ಪು ಹಿನ್ನೆಲೆ, ಹಸಿರು ಚುಕ್ಕಿ. ಹತ್ತರಲ್ಲಿ ಮೂರು ಕೋಶ ಹೊಳೆಯುತ್ತಿವೆ. ಹೊಳೆಯದ ಏಳಕ್ಕೆ ಬೈಯಬೇಕೋ, ಹೊಳೆದ ಮೂರಕ್ಕೆ ಕುಣಿಯಬೇಕೋ ತಿಳಿಯದೆ ಓಡಿಹೋಗಿ ಆಯಿಗೆ ತೋರಿಸಿದೆ. ದಬ್ಬೆ ಮೇಲೆ ಒಮ್ಮೆ ಜಾರಿದ್ದನ್ನು ಬಿಟ್ಟುಬಿಡೋಣ.

ಆಯಿ ಫೋನನ್ನು ದೂರ ಹಿಡಿದು ನೋಡಿದಳು. "ನಮ್ಮನೆ ಅಂಗಳದ ಹಾವಸೆ ಕಂಡಾಂಗೇ ಇದ್ದಲೇ. ಬ್ಲೀಚಿಂಗ್ ಪುಡಿ ಹಾಕು, ಹೋಗ್ತು."

ನಗು ಬಂತು. ಉಳಿದ ವೈರಸ್ಸನ್ನು ಎಸೆಯುವ ಮುನ್ನ ಲ್ಯಾಬಲ್ಲಿ ನಾವು ಸುರಿಯುವುದೂ ಬ್ಲೀಚ್ ನೀರನ್ನೇ.