ಹುಷಾರಾಗಿರ್ತೀನಿ ಅಂತ ಮಾತು ಕೊಟ್ಟ ಮೇಲೆ

ಕಂಪ್ಯೂಟರ್ ನನ್ನನ್ನು ಬಹಳ ಸಲ ಹೆದರಿಸಿದೆ. ಆದರೆ ಆಣೆ ಮಾಡಿಸಿಕೊಂಡದ್ದು ಒಂದೇ ಕಡೆ.

ಕಂಪ್ಯೂಟರಿನ ಒಳಗಿನ ಸೆಟ್ಟಿಂಗ್ಸ್ ಬದಲಾಯಿಸುವುದಕ್ಕೆ ಇರುವ ಡಿಕಾನ್ಫ್ ಎಡಿಟರ್ ಅನ್ನುವ ಪ್ರೋಗ್ರಾಂ ಮೊದಲ ಸಲ ತೆರೆದಾಗ ನಡುವೆ ಒಂದು ಪುಟ್ಟ ಪೆಟ್ಟಿಗೆ ಬರುತ್ತದೆ. ಇದನ್ನು ಬಳಸುತ್ತಿರುವುದಕ್ಕೆ ಥ್ಯಾಂಕ್ಸ್, ಆದರೆ ಇಲ್ಲಿನ ಕೆಲವು ಆಯ್ಕೆಗಳು ಪ್ರೋಗ್ರಾಂಗಳನ್ನು ಕೆಡಿಸಬಹುದು, ಜೋಪಾನ ಅನ್ನುತ್ತದೆ. ಕೆಳಗೆ ಒಂದು ಬಟನ್. ಅದರ ಮೇಲೆ 'ಓಕೆ' ಅಂತ ಇರುವುದಿಲ್ಲ. 'ಐ ವಿಲ್ ಬಿ ಕೇರ್‌ಫುಲ್' ಅಂತ ಇರುತ್ತದೆ. ಹುಷಾರಾಗಿರ್ತೀನಿ! ಅದು ನನಗೆ ಹೇಳುತ್ತಿಲ್ಲ, ನನ್ನ ಬಾಯಲ್ಲೇ ಹೇಳಿಸುತ್ತಿದೆ. ಶಾಲೆಯಲ್ಲಿ ಮೇಷ್ಟ್ರು 'ಇನ್ಮೇಲೆ ಮಾಡಲ್ಲ ಸಾರ್ ಅಂತ ಹೇಳು' ಅನ್ನುತ್ತಿದ್ದರಲ್ಲ, ಹಾಗೆ. ಆಗಲೂ ಹೇಳುತ್ತಿದ್ದೆ. ಇಲ್ಲೂ ಒತ್ತಿದೆ.

ನನಗೆ ಬೇಕಾಗಿದ್ದದ್ದು ತೀರಾ ಚಿಕ್ಕ ವಿಷಯ. ಪರದೆಯ ಮೇಲಿನ ಪಟ್ಟಿಯಲ್ಲಿ ಗಡಿಯಾರ ಇರುತ್ತದೆ. ಗಂಟೆ, ನಿಮಿಷ ತೋರಿಸುತ್ತಿತ್ತು. ಸೆಕೆಂಡೂ ಕಾಣಲಿ ಅನಿಸಿತು. ಯಾಕೆ ಅಂತ ಕೇಳಬೇಡಿ. ಒಂದು ಫೋನ್ ಮಾಡುವುದನ್ನು ಮೂರು ದಿನ ಮುಂದೂಡುವವನು ನಾನು. ಸೆಕೆಂಡು ಕಟ್ಟಿಕೊಂಡು ನನಗೇನಾಗಬೇಕು? ಆದರೂ ಬೇಕು ಅನಿಸಿತು.

ನನ್ನ ಕಂಪ್ಯೂಟರ್ ನಡೆಯುವುದು ವಿಂಡೋಸ್ ಮೇಲಲ್ಲ, ಲಿನಕ್ಸ್ ಮೇಲೆ. ಅದರ ಮೇಲೆ ಗ್ನೋಮ್ ಅನ್ನುವ ಡೆಸ್ಕ್‌ಟಾಪ್, ಅಂದರೆ ಪರದೆಯಲ್ಲಿ ಕಾಣುವ ಕಿಟಕಿ, ಪಟ್ಟಿಗಳೆಲ್ಲ. ನಾನು ಹೇಳುತ್ತಿರುವ ಕಾಲಕ್ಕೆ ಅದರ ಸೆಟ್ಟಿಂಗ್ಸ್‌ನಲ್ಲಿ ಸೆಕೆಂಡಿಗೆ ಅಂತ ಸ್ವಿಚ್ ಇರಲಿಲ್ಲ. ಇಂಥದ್ದೆಲ್ಲ ಗೊತ್ತಿರುವ ಗೆಳೆಯನಿಗೆ ಫೋನ್ ಹಚ್ಚಿದೆ.

"ಟರ್ಮಿನಲ್ ತೆಗಿ. ಒಂದು ಸಾಲು ಹೇಳ್ತೀನಿ, ಟೈಪ್ ಮಾಡು," ಅಂದ.

"ಬೇಡ ಮಾರಾಯ. ಆ ಕಪ್ಪು ಕಿಟಕಿ ನೋಡಿದ್ರೆ ನನ್ನ ಕೈ ನಡುಗುತ್ತೆ. ಮೌಸಲ್ಲಿ ಮಾಡೋ ಹಂಗೆ ಏನಾದ್ರೂ ಹೇಳು."

"ಹಾಗಾದ್ರೆ ಡಿಕಾನ್ಫ್ ಎಡಿಟರ್ ಹಾಕ್ಕೋ. ಸೆಕೆಂಡು ಆನ್ ಮಾಡು, ತಕ್ಷಣ ಆಚೆ ಬಂದ್ಬಿಡು."

ಮೊದಲ ಎರಡು ಮಾತು ಚೆನ್ನಾಗಿ ಕೇಳಿಸಿತು.

ಒಳಗೆ ಹೋದರೆ ಅದೊಂದು ಹಳೇ ಕಾಲದ ದೊಡ್ಡ ಮನೆ. ಬಾಗಿಲು ತೆಗೆದರೆ ಇನ್ನೊಂದು ಬಾಗಿಲು. 'ಆರ್ಗ್' ಅಂತ ಫೋಲ್ಡರು, ಅದರೊಳಗೆ 'ಗ್ನೋಮ್', ಅದರೊಳಗೆ 'ಡೆಸ್ಕ್‌ಟಾಪ್', ಅದರೊಳಗೆ 'ಇಂಟರ್‌ಫೇಸ್'. ಅಲ್ಲಿ ಸಾಲಾಗಿ ಕೀಗಳು. ಒಂದೊಂದು ಕೀ ಅಂದರೆ ಒಂದೊಂದು ಸೆಟ್ಟಿಂಗ್. 'ಕ್ಲಾಕ್ ಶೋ ಸೆಕೆಂಡ್ಸ್' ಸಿಕ್ಕಿತು. ಆನ್ ಮಾಡಿದೆ. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಬೇಕಿಲ್ಲ, ಲಾಗೌಟ್ ಆಗಬೇಕಿಲ್ಲ. ತಲೆಯೆತ್ತಿ ನೋಡಿದರೆ ಮೇಲೆ ಸೆಕೆಂಡು ಓಡುತ್ತಿದೆ. 41, 42, 43.

ಕೆಲಸ ಮುಗಿದಿತ್ತು. ಕಿಟಕಿ ಮುಚ್ಚಿ ಏಳಬೇಕಿತ್ತು. ಇರಲಾರದೆ ಇರುವೆ ಬಿಟ್ಟುಕೊಂಡರು ಅಂತಾರಲ್ಲ, ಆ ಇರುವೆಗಳು ಇಲ್ಲಿಂದ ಶುರು.

ತಪ್ಪು ಪೂರ್ತಿ ನನ್ನದೇ ಅಂತ ಒಪ್ಪಿಕೊಳ್ಳುತ್ತೇನೆ. ಆದರೆ ಆ ಎಡಿಟರ್‌ನಲ್ಲಿ ಒಂದು ಸೆಳೆತ ಇದೆ. ಮಾಮೂಲಿ ಸೆಟ್ಟಿಂಗ್ಸ್ ಅಂದರೆ ಹೋಟೆಲಿನ ಮುಂಭಾಗ. ತೋರಿಸಬೇಕಾದ್ದನ್ನಷ್ಟೇ ತೋರಿಸುತ್ತಾರೆ. ಇದು ಹಿಂಬಾಗಿಲಿಂದ ಅಡುಗೆಮನೆಗೇ ಬಿಟ್ಟ ಹಾಗೆ. ಪ್ರತಿ ಕೀ ಪಕ್ಕದಲ್ಲೂ ವಿವರಣೆ ಇದೆ, ಮೊದಲಿನ ಬೆಲೆ ಎಷ್ಟು ಅಂತ ಇದೆ, ಬದಲಾಯಿಸಿದ್ದೆಲ್ಲ ದಪ್ಪಕ್ಷರದಲ್ಲಿ ಕಾಣುತ್ತದೆ. ಆಗ ಇಡೀ ಪಟ್ಟಿಯಲ್ಲಿ ನನ್ನ 'ಸೆಕೆಂಡ್ಸ್' ಒಂದೇ ದಪ್ಪಗಿತ್ತು. ಪಾಪ, ಒಂಟಿ ಅನಿಸಿತು. ಅದಕ್ಕೊಂದು ಜೊತೆ ಮಾಡೋಣ ಅಂತ 'ಕರ್ಸರ್ ಸೈಜ್' ಮುಟ್ಟಿದೆ. 24 ಇತ್ತು. 96 ಮಾಡಿದೆ.

ಅಷ್ಟರಲ್ಲಿ ಮಗಳು ಬಂದಳು. ನಮ್ಮ ಮನೆಯಲ್ಲಿ ಎಲ್ಲರಿಗೂ ಅದೊಂದೇ ಕಂಪ್ಯೂಟರ್, ಒಂದೇ ಲಾಗಿನ್.

"ಅಪ್ಪಾ, ಇದೇನು ಬಾಣ ಇಷ್ಟು ದಪ್ಪ?"

"ಕಣ್ಣಿಗೆ ಒಳ್ಳೇದು."

"ಅದರ ಕೆಳಗೆ ಏನಿದೆ ಅಂತಾನೇ ಕಾಣ್ತಿಲ್ವಲ್ಲ."

ಅದೂ ನಿಜವೇ. 48ಕ್ಕೆ ಇಳಿಸಿದೆ. ಪೂರ್ತಿ 24ಕ್ಕೆ ಇಳಿಸಿದರೆ ಸೋತ ಹಾಗೆ ಆಗುತ್ತದಲ್ವಾ?

ಆಮೇಲೆ ಕಣ್ಣು ಬಿದ್ದದ್ದು ಕಿಟಕಿಗಳ ಬಟನ್ ಮೇಲೆ. ಗ್ನೋಮ್ 3 ಬಂದದ್ದು 2011ರಲ್ಲಿ. ಬಂದವರೇ ಕಿಟಕಿಯ ಮೂಲೆಯಿಂದ ಮಿನಿಮೈಸ್, ಮ್ಯಾಕ್ಸಿಮೈಸ್ ಎರಡನ್ನೂ ಕಿತ್ತು ಹಾಕಿ ಕ್ಲೋಸ್ ಒಂದನ್ನೇ ಉಳಿಸಿದರು. ಅದು ನನಗೆ ಅಂದಿನಿಂದಲೂ ಉರಿ. ಈಗ ಕೈಗೆ ಸಿಕ್ಕಿತಲ್ಲ, 'ಬಟನ್ ಲೇಔಟ್' ಅನ್ನುವ ಕೀ! ಅದರಲ್ಲಿ ಬಟನ್‌ಗಳ ಹೆಸರನ್ನು ಅಲ್ಪವಿರಾಮ ಹಾಕಿ ಬರೆಯಬೇಕು. ನಡುವೆ ಒಂದು ಕೋಲನ್, ಅಂದರೆ ಮೇಲೊಂದು ಕೆಳಗೊಂದು ಚುಕ್ಕಿ. ಅದರ ಎಡಕ್ಕೆ ಬರೆದದ್ದು ಕಿಟಕಿಯ ಎಡಮೂಲೆಗೆ, ಬಲಕ್ಕೆ ಬರೆದದ್ದು ಬಲಮೂಲೆಗೆ. ಎಷ್ಟು ಸರಳ ನೋಡಿ.

ನಾನು ಕೋಲನ್ನನ್ನು ಕೊನೆಯಲ್ಲಿ ಹಾಕಿದೆ. ವಾಕ್ಯ ಮುಗಿದ ಮೇಲೆ ಪೂರ್ಣವಿರಾಮ ಇಡುವ ಅಭ್ಯಾಸ. ಮೂರೂ ಬಟನ್ ಎಡಮೂಲೆಗೆ ಹೋಗಿ ಕೂತವು. ತಿದ್ದೋಣ ಅಂತ ಮತ್ತೆ ಬರೆದೆ. ಈ ಸಲ ಬಲಕ್ಕೇ ಬಂದವು, ಆದರೆ ಎರಡೇ ಬಂದವು. ಕ್ಲೋಸ್ ಇಲ್ಲ! ಕಣ್ಣು ಕಿರಿದು ಮಾಡಿ ನೋಡಿದರೆ ಸ್ಪೆಲ್ಲಿಂಗಿನಲ್ಲಿ ಎರಡು ಅಕ್ಷರ ಅದಲುಬದಲು. ತಪ್ಪು ಬರೆದಿದ್ದೀಯ ಅಂತ ಅದು ಒಂದು ಮಾತು ಹೇಳಲಿಲ್ಲ. ಗೊತ್ತಿಲ್ಲದ ಹೆಸರು ಕಂಡರೆ ಸುಮ್ನೆ ಬಿಟ್ಟುಬಿಡುತ್ತದೆ. ಅಷ್ಟರಲ್ಲಿ ಮಗಳು ಪಕ್ಕದಲ್ಲೇ ನಿಂತು ಒಂದು ಕಿಟಕಿ ಮುಚ್ಚುವುದಕ್ಕೆ ಬಟನ್ ಹುಡುಕುತ್ತಿದ್ದಳು. "ಆಲ್ಟ್ ಮತ್ತೆ ಎಫ್4 ಒತ್ತು, ಅದೇ ಸರಿಯಾದ ವಿಧಾನ," ಅಂದೆ. ಅಪ್ಪಂದಿರು ಹೀಗೇ ಬದುಕುವುದು.

ಮೌಸಿನ ಕಥೆ ಮಾತ್ರ ಹೇಳಿಕೊಳ್ಳುವುದಕ್ಕೆ ನಾಚಿಕೆ. 'ಪೆರಿಫೆರಲ್ಸ್' ಫೋಲ್ಡರಿನಲ್ಲಿ 'ಮೌಸ್', ಅದರಲ್ಲಿ 'ಲೆಫ್ಟ್ ಹ್ಯಾಂಡೆಡ್'. ನಾನು ಎಡಚನಲ್ಲ. ಆದರೂ ಆನ್ ಮಾಡಿದರೆ ಬಾಣದ ಮೂತಿ ಈ ಕಡೆಯಿಂದ ಆ ಕಡೆಗೆ ತಿರುಗುತ್ತೇನೋ, ನೋಡೋಣ ಅನಿಸಿತು. ಆನ್ ಮಾಡಿದೆ. ಬಾಣ ತಿರುಗಲಿಲ್ಲ. ಏನೂ ಆದ ಹಾಗೆ ಕಾಣಲಿಲ್ಲ. ಸರಿ, ಆಫ್ ಮಾಡೋಣ ಅಂತ ಒತ್ತಿದೆ. ಆಫ್ ಆಗುವ ಬದಲು ಒಂದು ಮೆನು ಬಿಚ್ಚಿಕೊಂಡಿತು. ಅದನ್ನು ಕಳಿಸಿ ಮತ್ತೆ ಒತ್ತಿದೆ. ಮತ್ತೆ ಮೆನು. ಇನ್ನೂ ಜೋರಾಗಿ ಒತ್ತಿದೆ. ಜೋರಾಗಿ ಒತ್ತಿದರೆ ಕಂಪ್ಯೂಟರಿಗೆ ಅರ್ಥವಾಗುತ್ತದೆ ಅನ್ನುವುದು ನಮ್ಮಂಥವರ ಗಟ್ಟಿ ನಂಬಿಕೆ.

ಮೌಸೇ ಕೆಟ್ಟಿತು ಅಂದುಕೊಂಡೆ. ಹಳೇ ಮೌಸು, ಹೋಗುವ ವಯಸ್ಸೇ. ಲ್ಯಾಪ್‌ಟಾಪಿನ ಟಚ್‌ಪ್ಯಾಡ್‌ಗೆ ಬಂದೆ. ಅಲ್ಲೂ ಎಡಗಡೆ ಒತ್ತಿದರೆ ಮೆನು! ಒಂದೇ ದಿನ ಎರಡೂ ಹೇಗೆ ಕೆಡುತ್ತವೆ? ಆಮೇಲೆ ಗೊತ್ತಾಯಿತು. ಟಚ್‌ಪ್ಯಾಡ್‌ಗೂ ಅದೇ ಹೆಸರಿನ ಕೀ ಇದೆ, ಅದರ ಬೆಲೆ 'ಮೌಸ್' ಅಂತ ಇರುತ್ತದೆ. ಅಂದರೆ ಅಣ್ಣ ಹೇಗೋ ತಮ್ಮ ಹಾಗೆ. ಅಣ್ಣನ ಎಡಬಲ ನಾನೇ ಅದಲುಬದಲು ಮಾಡಿದ್ದೆ, ತಮ್ಮ ಹಿಂದೆಯೇ ಹೋಗಿದ್ದ. ಬಲಗಡೆ ಒತ್ತಿದರೆ ಮುಗಿಯುವ ಕೆಲಸ. ಅದು ಹೊಳೆಯುವುದಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ಹೇಳುವುದಿಲ್ಲ. ಮೇಲೆ ಗಡಿಯಾರ ಮಾತ್ರ ಸೆಕೆಂಡು ಸೆಕೆಂಡೂ ಲೆಕ್ಕ ಇಡುತ್ತಿತ್ತು.

ದಾರಿಯಲ್ಲಿ 'ಲಾಕ್‌ಡೌನ್' ಅಂತ ಒಂದು ಫೋಲ್ಡರ್ ಸಿಕ್ಕಿತು. ಟರ್ಮಿನಲ್ಲಿಗೆ ಹೋಗುವ ದಾರಿಯನ್ನೇ ಮುಚ್ಚುವ ಕೀ ಒಂದು ಅದರಲ್ಲಿದೆ. ನನಗೆ ಟರ್ಮಿನಲ್ ಕಂಡರೆ ಆಗುವುದಿಲ್ಲವಲ್ಲ, ಬೆರಳು ಅಲ್ಲಿವರೆಗೂ ಹೋಯಿತು. ಯಾವ ಪುಣ್ಯವೋ, ಮುಟ್ಟಲಿಲ್ಲ.

ಕೊನೆಗೆ ಮುಟ್ಟಿದ್ದು 'ಟೆಕ್ಸ್ಟ್ ಸ್ಕೇಲಿಂಗ್ ಫ್ಯಾಕ್ಟರ್'. ಅಕ್ಷರ ಎಷ್ಟು ದೊಡ್ಡದಿರಬೇಕು ಅನ್ನುವ ಲೆಕ್ಕ ಅದು. ಮಾಮೂಲಿಗೆ 1. ಕನ್ನಡಕ ಹಾಕಿಕೊಳ್ಳುವ ನನಗೆ 1.2 ಧಾರಾಳ ಸಾಕಿತ್ತು. ಆದರೆ ಎಡಿಟರ್ ಅಲ್ಲೇ ಬರೆದಿತ್ತು: ಕನಿಷ್ಠ 0.5, ಗರಿಷ್ಠ 3. ಮಿತಿ ಅದೇ ಹೇಳಿರುವಾಗ ಮಿತಿಯೊಳಗೆ ಅಪಾಯ ಎಲ್ಲಿಂದ ಬರಬೇಕು? 3 ಅಂತ ಬರೆದು ಸರಿ ಅಂದೆ.

ಅಕ್ಷರಗಳು ಉಬ್ಬಿದವು. ಮೇಲಿನ ಗಡಿಯಾರ ಅಂಗಡಿಯ ಬೋರ್ಡಿನಷ್ಟಾಯಿತು. ಎಡಿಟರಿನ ಕಿಟಕಿ ಹಿಗ್ಗಿ ಹಿಗ್ಗಿ ಪರದೆಯ ಆಚೆಗೆ ಚೆಲ್ಲಿತು. 'ಸ್ಕೇಲಿಂ' ಅನ್ನುವಷ್ಟು ಕಾಣುತ್ತಿತ್ತು, 'ಗ್' ಪರದೆಯಿಂದ ಹೊರಗೆ. ಸಂಖ್ಯೆ ಬದಲಾಯಿಸುವ ಜಾಗವೂ ಅಲ್ಲೇ ಎಲ್ಲೋ ಆಚೆ. ತಿದ್ದುವ ಸಾಧನವೂ ಪರದೆಯ ಒಳಗೇ ಇದೆ, ಅದರ ಅಕ್ಷರಕ್ಕೂ ಅದೇ ಲೆಕ್ಕ ಅನ್ನುವುದು ನನ್ನ ತಲೆಗೆ ಬಂದೇ ಇರಲಿಲ್ಲ. ಕೂತ ಕೊಂಬೆ ಕಡಿದವನಿಗೂ ನನಗೂ ಇದ್ದ ವ್ಯತ್ಯಾಸ ಅಂದರೆ, ಅವನಿಗೆ ಕೊಂಬೆ ಪೂರ್ತಿ ಕಾಣುತ್ತಿತ್ತು.

ಮತ್ತೆ ಗೆಳೆಯನಿಗೆ ಫೋನ್. ಎಲ್ಲ ಕೇಳಿಸಿಕೊಂಡ. ನಗಲಿಲ್ಲ. ನಕ್ಕಿದ್ದರೆ ವಾಸಿ ಇತ್ತು.

"ಆಚೆ ಬಂದ್ಬಿಡು ಅಂದಿದ್ನೋ ಇಲ್ವೋ?"

"ಆ ಸೆಟ್ಟಿಂಗ್ಸ್ ಫೈಲನ್ನೇ ಬಿಚ್ಚಿ 3 ಇದ್ದ ಕಡೆ 1 ಮಾಡಿದ್ರೆ ಆಗಲ್ವಾ?"

ಆಗುವುದಿಲ್ಲವಂತೆ. ಸೆಟ್ಟಿಂಗ್ಸ್ ಕೂಡಿಡುವುದಕ್ಕೆ ಹಿಂದೆ ಜಿಕಾನ್ಫ್ ಅಂತ ಇತ್ತು, ಅದು ತನ್ನ ಸಂಗ್ರಹವನ್ನು ಎಕ್ಸ್‌ಎಂಎಲ್ ಫೈಲುಗಳಲ್ಲಿ ಇಡುತ್ತಿತ್ತು. ಕಣ್ಣಿಟ್ಟು ಓದಬಹುದಿತ್ತು. ಅದರ ಜಾಗಕ್ಕೆ ಬಂದ ಡಿಕಾನ್ಫ್ ಎಲ್ಲವನ್ನೂ ಒಂದೇ ಬೈನರಿ ಫೈಲಿನಲ್ಲಿ, ಅಂದರೆ ಕಂಪ್ಯೂಟರಿಗಷ್ಟೇ ಓದಲು ಬರುವ ಫೈಲಿನಲ್ಲಿ ಇಡುತ್ತದೆ. ಪ್ರೋಗ್ರಾಂಗಳು ಸೆಟ್ಟಿಂಗ್ ಓದುವುದೇ ಜಾಸ್ತಿ, ಬರೆಯುವುದು ಅಪರೂಪ. ಹಾಗಾಗಿ ಓದು ಚುರುಕಾಗಲಿ ಅಂತ ಆ ಏರ್ಪಾಡು. ಬರೆಯುವುದು ಅಪರೂಪ ಅಂದುಕೊಂಡವರಿಗೆ ನನ್ನ ಪರಿಚಯ ಇರಲಿಲ್ಲ.

"ಕಂಟ್ರೋಲ್, ಆಲ್ಟ್, ಎಫ್3 ಒತ್ತು. ಅಲ್ಲಿ ಲಾಗಿನ್ ಆಗು," ಅಂದ.

ಒತ್ತಿದೆ. ಉಬ್ಬಿದ್ದೆಲ್ಲ ಮಾಯವಾಗಿ ಇಡೀ ಪರದೆ ಕಪ್ಪಾಯಿತು. ಯಾವುದಕ್ಕೆ ಹೆದರಿ ಇಷ್ಟೆಲ್ಲ ಮಾಡಿದ್ದೆನೋ ಅದೇ ಕಪ್ಪು ಪರದೆ. ಆದರೆ ಅಕ್ಷರ ಎಷ್ಟು ಬೇಕೋ ಅಷ್ಟೇ ದೊಡ್ಡದು. ಹಿತವಾಗಿತ್ತು.

"ಎರಡು ದಾರಿ ಇದೆ," ಅಂದ. "ಒಂದು ಆಜ್ಞೆ ಅಕ್ಷರದ ಗಾತ್ರ ಒಂದನ್ನೇ ಮೊದಲಿನ ಹಾಗೆ ಮಾಡುತ್ತೆ. ಇನ್ನೊಂದು ಚಿಕ್ಕದು, ಆದ್ರೆ ಅದು ಎಲ್ಲಾನೂ ಅಳಿಸಿಹಾಕುತ್ತೆ. ಮೊದಲನೇದು ಹೇಳ್ತೀನಿ, ಬರ್ಕೋ."

ಬರೆದುಕೊಂಡೆ. ಖಾಲಿ ಜಾಗವೂ ಸೇರಿ 63 ಅಕ್ಷರ. ನಡುವೆ ಚುಕ್ಕಿ, ಅಡ್ಡಗೆರೆ. ಸ್ಪೆಲ್ಲಿಂಗಿನಲ್ಲಿ ನನ್ನ ಯೋಗ್ಯತೆ ಆಗಲೇ ನೋಡಿದ್ದೀರಿ. ಮೊದಲ ಸಲ ತಪ್ಪಾಯಿತು. ಎರಡನೇ ಸಲವೂ. ಮೂರನೇ ಸಲ ಯಾವುದೋ ಚುಕ್ಕಿ ಬಿಟ್ಟೆ.

"ಆ ಚಿಕ್ಕದು ಎಷ್ಟುದ್ದ?" ಅಂದೆ.

"ಬೇಡ ಕಣೋ."

"ಸುಮ್ನೆ ಕೇಳಿದೆ."

ಅದು 16 ಅಕ್ಷರ. ಡಿಕಾನ್ಫ್, ರೀಸೆಟ್, ಒಂದು ಅಡ್ಡಗೆರೆ, ಎಫ್, ಕೊನೆಗೆ ಒಂದು ಓರೆಗೆರೆ. ಆ ಓರೆಗೆರೆ ಅಂದರೆ ಮನೆಯ ಹೆಬ್ಬಾಗಿಲು. ಅಲ್ಲಿಂದ ಒಳಗಿರುವುದೆಲ್ಲ ಅಂತ ಅರ್ಥ. ಒಂದೇ ಸಲಕ್ಕೆ ಸರಿಯಾಗಿ ಟೈಪ್ ಆಯಿತು.

ಹಿಂದಕ್ಕೆ ಬಂದು ನೋಡಿದರೆ ಎಲ್ಲ ಹೊಸದು. ಅಕ್ಷರ ಸರಿಯಾಗಿದೆ. ಬಾಣ ಸಣ್ಣಗಾಗಿದೆ. ಆದರೆ ವಾಲ್‌ಪೇಪರಿನಲ್ಲಿದ್ದ ನಮ್ಮ ಫೋಟೋ ಹೋಗಿ ಯಾವುದೋ ಬಣ್ಣದ ಚಿತ್ರ ಬಂದಿದೆ. ಪಕ್ಕದ ಪಟ್ಟಿಗೆ ಸೇರಿಸಿಟ್ಟಿದ್ದ ಪ್ರೋಗ್ರಾಂಗಳಿಲ್ಲ. ನಾನು ಮಾಡಿಟ್ಟುಕೊಂಡಿದ್ದ ಶಾರ್ಟ್‌ಕಟ್‌ಗಳಿಲ್ಲ. ಕನ್ನಡ ಕೀಬೋರ್ಡೂ ಹೋಗಿದೆ, ಅದೂ ಆ ಸಂಗ್ರಹದಲ್ಲೇ ಇತ್ತಲ್ಲ.

ಮಗಳು ಬಂದು ನೋಡಿದಳು. "ಅಪ್ಪಾ, ಹೊಸ ಕಂಪ್ಯೂಟರ್ ತಗೊಂಡ್ಯಾ?"

"ಹೂಂ, ಒಂದು ಥರ," ಅಂದೆ.

ಎಲ್ಲ ಮುಗಿದ ಮೇಲೆ ಗೆಳೆಯ ಇನ್ನೊಂದು ವಿಷಯ ಹೇಳಿದ. ಶುರು ಮಾಡುವ ಮೊದಲೇ 'ಡಂಪ್' ಅಂತ ಒಂದು ಆಜ್ಞೆ ಕೊಟ್ಟಿದ್ದರೆ ನನ್ನ ಸೆಟ್ಟಿಂಗ್ಸ್ ಅಷ್ಟನ್ನೂ ಓದುವಂಥ ಅಕ್ಷರದಲ್ಲಿ ಒಂದು ಫೈಲಿಗೆ ಇಳಿಸಿಡಬಹುದಿತ್ತಂತೆ. ಏನಾದರೂ ಆದರೆ 'ಲೋಡ್' ಅಂದರೆ ಎಲ್ಲ ವಾಪಸ್. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ನೀನು ಸೆಕೆಂಡು ಆನ್ ಮಾಡ್ತೀನಿ ಅಂದಿದ್ದೆ," ಅಂದ.

ಸೆಕೆಂಡು! ತಲೆಯೆತ್ತಿ ನೋಡಿದೆ. ಗಂಟೆ ಇದೆ, ನಿಮಿಷ ಇದೆ. ಅಷ್ಟೇ.

ಇಷ್ಟೆಲ್ಲ ಪಾಡು ಪಟ್ಟು ಅದೊಂದೂ ಇಲ್ಲ ಅಂದರೆ ಹೇಗೆ? ಗೆಳೆಯ ಫೋನ್ ಇಟ್ಟ ಮೇಲೆ, ಮಗಳು ಆಚೆ ಹೋದದ್ದು ನೋಡಿಕೊಂಡು, ಡಿಕಾನ್ಫ್ ಎಡಿಟರ್ ತೆರೆದೆ. ನಡುವೆ ಅದೇ ಪುಟ್ಟ ಪೆಟ್ಟಿಗೆ ಬಂತು. ಇದನ್ನು ಇನ್ನು ತೋರಿಸಬೇಡ ಅಂತ ಹಿಂದಿನ ಸಲವೇ ಗುರುತು ತೆಗೆದಿದ್ದೆ. ಆದರೆ ಆ ನೆನಪನ್ನೂ ಎಡಿಟರ್ ಅದೇ ಸಂಗ್ರಹದಲ್ಲಿ ಇಟ್ಟುಕೊಂಡಿರುತ್ತದೆ. ನಾನು ಎಲ್ಲ ಅಳಿಸಿದಾಗ ಅದೂ ಅಳಿಸಿಹೋಗಿತ್ತು. ಅದಕ್ಕೆ ನನ್ನ ಗುರುತೇ ಇರಲಿಲ್ಲ. ಬಳಸುತ್ತಿರುವುದಕ್ಕೆ ಥ್ಯಾಂಕ್ಸ್ ಅಂತ ಹೇಳಿ, ಆ ಒಂದು ಬಟನ್ ಮುಂದಿಟ್ಟು ಕಾಯುತ್ತಿತ್ತು.

ಒತ್ತಿದೆ.