ಸ್ಪಷ್ಟನೆ: ಒಗಾಡೆನ್ ಯುದ್ಧದಲ್ಲಿ ಯಾರು ಯಾರ ಕಡೆ ಇದ್ದರು?

ಇಥಿಯೋಪಿಯಾದ ಪೂರ್ವಕ್ಕಿರುವ, ಸೊಮಾಲಿ ಜನ ವಾಸಿಸುವ ಒಗಾಡೆನ್ ಪ್ರದೇಶಕ್ಕಾಗಿ ಇಥಿಯೋಪಿಯಾ, ಸೊಮಾಲಿಯಾ ನಡುವೆ 1977-78ರಲ್ಲಿ ನಡೆದ ಯುದ್ಧದಲ್ಲಿ ಅಮೆರಿಕ ಇಥಿಯೋಪಿಯಾದ ಹಿಂದೆ, ಸೋವಿಯತ್ ಒಕ್ಕೂಟ ಸೊಮಾಲಿಯಾದ ಹಿಂದೆ ನಿಂತಿತ್ತು ಅನ್ನೋ ಮಾತು ಹರಿದಾಡ್ತಿದೆ. ಇದು ತಪ್ಪು.

ಈ ಗೊಂದಲ ಎಲ್ಲಿಂದ ಬಂತು ಅನ್ನೋದು ಅರ್ಥವಾಗುತ್ತೆ. ಆಕಾಶದಲ್ಲಿ ಇಥಿಯೋಪಿಯಾದ ಅಮೆರಿಕನ್ ಎಫ್-5 ವಿಮಾನಗಳು ಸೊಮಾಲಿಯಾದ ಸೋವಿಯತ್ ಮಿಗ್-21ಗಳನ್ನು ಎದುರಿಸಿದ್ದವು. ಆದರೆ ಅವು ಹಳೆಯ ಸ್ನೇಹದ ಕುರುಹು ಅಷ್ಟೇ. 1977ರ ಏಪ್ರಿಲ್‌ನಲ್ಲೇ ಇಥಿಯೋಪಿಯಾದ ನಾಯಕ ಮೆಂಗಿಸ್ಟು ತಮ್ಮ ದೇಶದಲ್ಲಿದ್ದ ಅಮೆರಿಕದ ಸೇನಾ ಕಚೇರಿಗಳನ್ನು ಮುಚ್ಚಿಸಿದ್ದರು.

ಎರಡೂ ದೇಶ ಸಮಾಜವಾದಿ ಅಂತ ಹೇಳಿಕೊಳ್ಳುತ್ತಿದ್ದವು. ಸೊಮಾಲಿಯಾಕ್ಕೆ ಮಾಸ್ಕೋ ಜೊತೆ 1974ರ ಸ್ನೇಹ ಒಪ್ಪಂದವೂ ಇತ್ತು, ಬೆರ್ಬೆರಾ ಬಂದರಿನಲ್ಲಿ ಸೋವಿಯತ್ ನೆಲೆಯೂ ಇತ್ತು. 1977ರ ಮಾರ್ಚ್‌ನಲ್ಲಿ ಕ್ಯೂಬಾದ ನಾಯಕ ಕ್ಯಾಸ್ಟ್ರೋ ದಕ್ಷಿಣ ಯೆಮೆನ್‌ನ ಏಡನ್‌ನಲ್ಲಿ ಇಬ್ಬರು ನಾಯಕರನ್ನೂ ಕೂರಿಸಿ, ಒಂದು ಒಕ್ಕೂಟ ಮಾಡಿಕೊಳ್ಳಿ ಅಂದರು. ಸೊಮಾಲಿಯಾದ ಅಧ್ಯಕ್ಷ ಸಿಯಾದ್ ಬಾರೆ ಒಪ್ಪಲಿಲ್ಲ. ಜುಲೈನಲ್ಲಿ ಅವರ ಸೇನೆ ಗಡಿ ದಾಟಿತು. ನವೆಂಬರ್ 13ರಂದು ಅವರೇ ಒಪ್ಪಂದ ಮುರಿದು, ಸೋವಿಯತ್ ಸಲಹೆಗಾರರನ್ನು ಹೊರಗೆ ಕಳಿಸಿದರು.

ಆಮೇಲೆ ಇಥಿಯೋಪಿಯಾಕ್ಕೆ ವಿಮಾನ, ಹಡಗುಗಳಲ್ಲಿ ಸೋವಿಯತ್ ಶಸ್ತ್ರಾಸ್ತ್ರ ಜಾಸ್ತಿ ಬರತೊಡಗಿತು. ಕ್ಯೂಬಾದ ಸಾವಿರಾರು ಸೈನಿಕರೂ ಬಂದರು. ಪ್ರತಿದಾಳಿಯ ಯೋಜನೆ ಸೋವಿಯತ್ ಜನರಲ್ ವಾಸಿಲಿ ಪೆಟ್ರೋವ್ ಅವರದ್ದು. ಒಗಾಡೆನ್‌ನ ಜಿಜಿಗಾ ಊರಿನ ಬಳಿ ಸೊಮಾಲಿಗಳು ಕಣಿವೆ ದಾರಿ ಕಾಯುತ್ತಿದ್ದಾಗ, ದೊಡ್ಡ ಹೆಲಿಕಾಪ್ಟರ್‌ಗಳು ಬೆಟ್ಟದ ಮೇಲಿಂದ ಹಾರಿ ಯುದ್ಧ ವಾಹನಗಳನ್ನು ಅವರ ಬೆನ್ನ ಹಿಂದೆ ಇಳಿಸಿದವು. 1978ರ ಮಾರ್ಚ್‌ನಲ್ಲಿ ಊರು ಮತ್ತೆ ಇಥಿಯೋಪಿಯಾದ ಕೈಗೆ ಬಂತು.

ಸೋತವರ ಕೈಯಲ್ಲಿದ್ದದ್ದೂ ಬಹುಪಾಲು ಸೋವಿಯತ್ ಬಂದೂಕುಗಳೇ. ಸತ್ತ ಸಾವಿರಾರು ಜನರನ್ನು ಬರೀ ಅಮೆರಿಕ-ರಷ್ಯಾ ಜಗಳದ ಲೆಕ್ಕಕ್ಕೆ ಸೇರಿಸಿಬಿಡಬೇಡಿ. ಒಗಾಡೆನ್ ನೆಲ ಯಾರದ್ದು ಅನ್ನೋ ಜಗಳ ಅದಕ್ಕಿಂತ ಹಳೆಯದು.