ಹಳೇ ಕಾರಿಗೆ ಆಟೋಮ್ಯಾಟಿಕ್ ಬೇಕಾ?

ಸೆಕೆಂಡ್ ಹ್ಯಾಂಡ್ ಕಾರು ಹುಡುಕೋರು "ಆಟೋಮ್ಯಾಟಿಕ್ಕೋ, ಮ್ಯಾನ್ಯುಯಲ್ಲೋ" ಅಂತ ಕೇಳಿದರೆ ನಾನು ತಿರುಗಿ ಕೇಳೋದು ಒಂದೇ: ಯಾವ ಆಟೋಮ್ಯಾಟಿಕ್? ಹೆಚ್ಚಿನವರಿಗೆ ಅದು ಗೊತ್ತಿರೋದಿಲ್ಲ. ಏಜೆಂಟ್ ಕೂಡ "ಎರಡ ಪೆಡಲ್ ರೀ, ಆರಾಮ ಹೊಡೀರಿ" ಅಂತ ಹೇಳಿ ಮಾತು ಮುಗಿಸ್ತಾನೆ.

ಕಡಿಮೆ ಬಜೆಟ್ಟಿನಲ್ಲಿ ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಕಣ್ಣಿಗೆ ಬೀಳೋದು ಜಾಸ್ತಿ ಎಎಂಟಿ, ಅಂದ್ರೆ ಆಟೋಮೇಟೆಡ್ ಮ್ಯಾನ್ಯುಯಲ್ ಗಾಡಿಗಳೇ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂತು, ಆಮೇಲೆ ವ್ಯಾಗನ್ ಆರ್, ಡಿಜೈರ್, ಟಿಯಾಗೊಗೂ ಬಂತು. ಒಳಗಿರೋದು ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ಒತ್ತೋದು, ಗೇರ್ ಬದಲಿಸೋದು ಯಂತ್ರದ ಕೆಲಸ, ಅಷ್ಟೇ. ಕ್ಲಚ್ ಪ್ಲೇಟ್ ಇಲ್ಲೂ ಸವೆಯುತ್ತೆ. ಧಾರವಾಡದ ಏರಿನಲ್ಲಿ ಟ್ರಾಫಿಕ್ ನಿಂತಾಗ ಬ್ರೇಕ್ ಹಿಡಿಯದೆ, ಆಕ್ಸಿಲರೇಟರ್ ಮೇಲೇ ಗಾಡಿ ತಡೆದು ನಿಲ್ಲಿಸೋ ಅಭ್ಯಾಸ ಇದ್ದರೆ ಬೇಗನೇ ಸುಟ್ಟು ಹೋಗುತ್ತೆ. ಹಿಂದಿನ ಮಾಲೀಕರು ಹಾಗೆ ಓಡಿಸಿದ್ರಾ ಅನ್ನೋದನ್ನ ಕಿಲೋಮೀಟರ್ ಓದಿ ತಿಳಿಯೋಕಾಗಲ್ಲ.

ಇನ್ನೊಂದು ಬಗೆ ಸಿವಿಟಿ, ಗೇರಿನ ಹಂತಗಳೇ ಇಲ್ಲದೆ ಬೆಲ್ಟ್ ಮೇಲೆ ಓಡೋದು. ಅದು ಬೆಣ್ಣೆ ಹಂಗ ಓಡುತ್ತೆ, ನಿಜ. ಆಯಿಲ್ ಬದಲಿಸದೆ ಓಡಿಸಿದ್ದು ಕೈಕೊಟ್ಟರೆ ಮಾತ್ರ ಖರ್ಚು ಲಕ್ಷ ಮುಟ್ಟಬಹುದು. ಗ್ರ್ಯಾಂಡ್ ಐ10, ಹಳೇ ಡಿಜೈರ್‌ಗಳಲ್ಲಿದ್ದ ನಾಲ್ಕು ಗೇರಿನ ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಆಯಿಲ್ ಮೂಲಕ ಎಂಜಿನ್ ಶಕ್ತಿ ದಾಟಿಸೋ ಹಳೇ ಬಗೆ) ಪೆಟ್ರೋಲ್ ಕುಡಿಯುತ್ತೆ, ಪಿಕಪ್ಪೂ ನಿಧಾನ. ಆದರೂ ಗಟ್ಟಿ. ಆಟೋಮ್ಯಾಟಿಕ್ಕೇ ಬೇಕು ಅಂದ್ರೆ ನನ್ನ ಓಟು ಅದಕ್ಕೆ.

ಬರೀ ಗದಗ, ಹಾವೇರಿ ಕಡೆ ಹೈವೇ ಓಡಾಟವಾದರೆ ಮ್ಯಾನ್ಯುಯಲ್ ಸಾಕು. ಟಾಪ್ ಗೇರಿಗೆ ಬಿದ್ದ ಮೇಲೆ ಎಡಗಾಲಿಗೆ ಕೆಲಸವೇ ಇರಲ್ಲ. ಹಳ್ಳಿಯಲ್ಲಿ ಬ್ಯಾಟರಿ ಇಳಿದರೂ ನಾಲ್ಕು ಜನ ನೂಕಿ ಸ್ಟಾರ್ಟ್ ಮಾಡಿಸ್ತಾರೆ. ಕ್ಲಚ್ ಪರೀಕ್ಷೆಯೂ ಸುಲಭ. ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದು, ಮೂರನೇ ಗೇರ್ ಹಾಕಿ, ಕ್ಲಚ್ ನಿಧಾನ ಬಿಡಿ. ಎಂಜಿನ್ ತಕ್ಷಣ ಬಂದ್ ಆಗಬೇಕು. ಆಗದೆ ಗುರ್ ಅಂತಾ ಓಡ್ತಾನೇ ಇದ್ರೆ ಪ್ಲೇಟ್ ಮುಗಿದಿದೆ, ಅಷ್ಟು ರೊಕ್ಕ ಇಳಿಸಿ ಕೇಳಿ.

ನಮ್ಮ ವೈನಿಗೆ (ಅತ್ತಿಗೆಗೆ) ಮಾತ್ರ ನಾನೇ ಆಟೋಮ್ಯಾಟಿಕ್ ಹೇಳಿದೆ. ಮೊಣಕಾಲು ನೋವು, ದಿನಾ ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ ಟ್ರಾಫಿಕ್ ದಾಟಿ ಓಡಾಟ. ಮೈಲೇಜ್ ಕಡಿಮೆ ಅಂತ ಎಚ್ಚರಿಸಿದರೆ, "ಪೆಟ್ರೋಲಿಗೆ ಹೋದ್ರ ಹೋಗ್ಲಿ ಬಿಡಪಾ, ಡಾಕ್ಟರಗೆ ಕೊಡೂದರ ಉಳೀತದ" ಅಂದ್ರು. ಸರಿ ಅಲ್ವಾ?

ಆ ಗಾಡಿ ನೋಡೋಕೆ ಬೆಳಿಗ್ಗೆಯೇ ಹೋದ್ವಿ, ಎಂಜಿನ್ ತಣ್ಣಗಿರುವಾಗ. ಮೊದಲೇ ಓಡಿಸಿ ಬಿಸಿ ಮಾಡಿಟ್ಟ ಗಾಡಿಯಲ್ಲಿ ಎಷ್ಟೋ ರೋಗ ಮುಚ್ಚಿ ಹೋಗುತ್ತೆ. ಬ್ರೇಕ್ ಒತ್ತಿ ಹಿಡಿದು ಡಿ (ಮುಂದಕ್ಕೆ), ಆಮೇಲೆ ಆರ್ (ರಿವರ್ಸ್) ಹಾಕಿ ನೋಡಿದೆ. ಗೇರ್ ಕೂರೋಕೆ ತಡವಾದರೆ, ಇಲ್ಲಾ ದಡ್ ಅಂತ ಹೊಡೆದರೆ ಆ ಗಾಡಿ ಬೇಡ. ಕೊನೆಗೆ ಸರ್ವಿಸ್ ಪುಸ್ತಕ ಕೇಳಬೇಕು, ಗೇರ್‌ಬಾಕ್ಸ್ ಆಯಿಲ್ ಯಾವಾಗ ಬದಲಿಸಿದ್ರಿ ಅಂತ ಕೇಳಬೇಕು. "ಅದಕ್ಕ ಆಯಿಲ್ ಬದಲಿ ಮಾಡೂದ ಇರಂಗಿಲ್ರೀ" ಅಂದ್ರೆ, ಕೊಟ್ಟ ಚಹಾ ಕುಡಿದು ಎದ್ದು ಬನ್ನಿ.